ಒಟಿಪಿ ಹೇಳದಿದ್ದರೂ ಹಣ ಹೋಗುವುದು ಹೇಗೆ? ಆ್ಯಪ್‌ಗಳ 'ಅನುಮತಿ'ಯ ಒಳಗುಟ್ಟು

"ನಾನು ಯಾರಿಗೂ ಒಟಿಪಿ ಹೇಳಿಲ್ಲ ಕಣೇ."

ಕಳೆದ ವರ್ಷ ನನ್ನ ಚಿಕ್ಕಮ್ಮ ಈ ಮಾತನ್ನು ಒಂದೇ ದಿನದಲ್ಲಿ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಅವರ ಖಾತೆಯಿಂದ ಹಣ ಹೋಗಿತ್ತು. ಮನೆಯವರು, ಅಕ್ಕಪಕ್ಕದವರು, ಬ್ಯಾಂಕಿನವರು ಎಲ್ಲರೂ ಕೇಳಿದ್ದು ಒಂದೇ: "ನೆನಪು ಮಾಡಿಕೊಳ್ಳಿ, ಯಾರಿಗಾದರೂ ಹೇಳಿರ್ತೀರಿ." ನಾನೂ ಕೇಳಿದೆ, ಎರಡು ಸಲ. ಕೊನೆಗೆ ಅವರ ಫೋನ್ ತೆಗೆದುಕೊಂಡು ನೋಡಿದಾಗ ಸಿಕ್ಕಿದ್ದು ಮೂರು ದಿನದ ಹಿಂದೆ ವಾಟ್ಸ್‌ಆ್ಯಪಿನಲ್ಲಿ ಬಂದಿದ್ದ ಒಂದು 'ಮದುವೆ ಕರೆಯೋಲೆ'. ಅದು ಚಿತ್ರವೂ ಅಲ್ಲ, ಪಿಡಿಎಫ್ ಕೂಡ ಅಲ್ಲ. ಫೈಲಿನ ಹೆಸರು 'ಎಪಿಕೆ' ಎಂಬ ಮೂರು ಅಕ್ಷರಗಳಲ್ಲಿ ಮುಗಿಯುತ್ತಿತ್ತು. ಅಂದರೆ ಅದೊಂದು ಆ್ಯಪ್. ಯಾರ ಮದುವೆ ಎಂದು ನೋಡಲು ಚಿಕ್ಕಮ್ಮ ಅದನ್ನು ತೆರೆದಿದ್ದರು. ಅದು ಏನನ್ನೋ ಕೇಳಿತ್ತು. ಅವರು 'ಅಲೋ' ಒತ್ತಿದ್ದರು.

ಅವರು ನಿಜವನ್ನೇ ಹೇಳುತ್ತಿದ್ದರು. ಒಟಿಪಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವರ ಹೆಸರಿನಲ್ಲಿ ಅವರ ಫೋನೇ ಹೇಳಿತ್ತು.

ನಮ್ಮ ಗುಂಪುಗಳಲ್ಲಿ ಸುತ್ತುವ ಎರಡು ಫಾರ್ವರ್ಡ್‌ಗಳು ನಿಮಗೂ ಬಂದಿರುತ್ತವೆ. ಒಂದು: "ಒಟಿಪಿ ಹೇಳದಿದ್ದರೆ ನಿಮ್ಮ ಹಣವನ್ನು ಯಾರೂ ಮುಟ್ಟಲಾರರು." ಇನ್ನೊಂದು: "ಈ ಲಿಂಕ್ ಮುಟ್ಟಿದರೆ ಸಾಕು, ಖಾತೆ ಖಾಲಿ! ಎಲ್ಲರಿಗೂ ಕಳಿಸಿ." ಒಂದು ಪೂರ್ತಿ ಧೈರ್ಯ ಹೇಳುತ್ತದೆ, ಇನ್ನೊಂದು ಪೂರ್ತಿ ಹೆದರಿಸುತ್ತದೆ. ಎರಡೂ ಅರ್ಧ ಸತ್ಯ. ಎರಡರಲ್ಲೂ ಬಿಟ್ಟುಹೋಗಿರುವ ಪದ ಒಂದೇ, 'ಅನುಮತಿ'. ಯಾವ ವಸ್ತುವಿನ ಮೇಲೆ, ಯಾವ ಕೆಲಸವನ್ನು, ಯಾರು ಮಾಡಬಹುದು ಎಂದು ತಂತ್ರಾಂಶ ಹೇಗೆ ತೀರ್ಮಾನಿಸುತ್ತದೆ? ಇದು ಎಂಜಿನಿಯರ್‌ಗಳ ತಲೆನೋವು ಅನ್ನಿಸಬಹುದು. ಆದರೆ ಆ 'ಅಲೋ' ಬಟನ್ ಒತ್ತುವವರು ನಾವೇ ಆಗಿರುವುದರಿಂದ ಇದು ನಮ್ಮ ತಲೆನೋವೂ ಹೌದು.

ಎರಡು ಪ್ರಶ್ನೆ, ಎರಡು ಬಾಗಿಲು

ಒಂದು ಮದುವೆ ಛತ್ರವನ್ನು ನೆನಪಿಸಿಕೊಳ್ಳಿ. ಹೆಬ್ಬಾಗಿಲಲ್ಲಿ ನಿಂತವರು "ಬನ್ನಿ ಬನ್ನಿ" ಎಂದು ಕರೆಯುತ್ತಾರೆ. ನೀವು ಒಳಗೆ ಹೋಗಬಹುದು, ಕೂರಬಹುದು, ಊಟ ಮಾಡಬಹುದು. ಹಾಗೆಂದು ನೇರ ಉಗ್ರಾಣಕ್ಕೆ ನುಗ್ಗಿ ತುಪ್ಪದ ಡಬ್ಬ ಎತ್ತಿಕೊಂಡು ಬರಬಹುದೇ? ಇಲ್ಲ. ಅಲ್ಲೊಬ್ಬ ಉಗ್ರಾಣಿ ಇರುತ್ತಾನೆ. ಅವನ ಪ್ರಶ್ನೆಯೇ ಬೇರೆ. ಹೆಬ್ಬಾಗಿಲಿನ ಪ್ರಶ್ನೆ "ನೀವು ಯಾರು?" ಎಂದಾದರೆ, ಉಗ್ರಾಣದ ಬಾಗಿಲಿನದು "ಇಲ್ಲಿಂದ ಏನನ್ನು ತೆಗೆದುಕೊಳ್ಳಲು ನಿಮಗೆ ಯಾರು ಹೇಳಿದರು?" ಎಂಬುದು.

ಕಂಪ್ಯೂಟರ್ ಲೋಕದಲ್ಲೂ ಇವು ಎರಡು ಬೇರೆ ಬೇರೆ ಕೆಲಸಗಳು. ಪಾಸ್‌ವರ್ಡ್, ಬೆರಳಚ್ಚು, ಒಟಿಪಿ ಇವೆಲ್ಲ ಮೊದಲ ಪ್ರಶ್ನೆಗೆ ಉತ್ತರ. ಇದು ಗುರುತು ಪತ್ತೆ. ಗುರುತು ಗೊತ್ತಾದ ಮೇಲೆ ಈ ವ್ಯಕ್ತಿ ಈ ಖಾತೆಯ ಬಾಕಿ ನೋಡಬಹುದೇ, ಈ ಫೋಟೋ ಅಳಿಸಬಹುದೇ, ಈ ಹಣ ಕಳಿಸಬಹುದೇ ಎಂದು ನಿರ್ಧರಿಸುವುದು ಎರಡನೆಯ ಕೆಲಸ. ಇದು ಅನುಮತಿ.

"ಲಾಗಿನ್ ಇದೆಯಲ್ಲ, ಆ್ಯಪ್ ಸುರಕ್ಷಿತ" ಎನ್ನುವವರು ಹೆಬ್ಬಾಗಿಲು ಮಾತ್ರ ನೋಡಿ ಉಗ್ರಾಣವನ್ನು ಮರೆತಿರುತ್ತಾರೆ. ಹೀಗೆ ಮರೆಯುವವರಲ್ಲಿ ತಂತ್ರಾಂಶ ಬರೆಯುವವರೂ ಇದ್ದಾರೆ. ವೆಬ್ ಸುರಕ್ಷತೆಯ ಬಗ್ಗೆ ಕೆಲಸ ಮಾಡುವ ಓವಾಸ್ಪ್ ಎಂಬ ಲಾಭರಹಿತ ಸಂಸ್ಥೆ ವೆಬ್ ತಂತ್ರಾಂಶಗಳ ಹತ್ತು ದೊಡ್ಡ ಅಪಾಯಗಳ ಪಟ್ಟಿಯನ್ನು ಆಗಾಗ ಪ್ರಕಟಿಸುತ್ತದೆ. 2017ರ ಪಟ್ಟಿಯಲ್ಲಿ ಐದನೆಯ ಸ್ಥಾನದಲ್ಲಿದ್ದ 'ಅನುಮತಿ ನಿಯಂತ್ರಣದ ವೈಫಲ್ಯ' 2021ರಲ್ಲಿ ಮೊದಲ ಸ್ಥಾನಕ್ಕೆ ಬಂತು.

ವಾಟ್ಸ್‌ಆ್ಯಪ್ ಗುಂಪು ಕಲಿಸುವ ಪಾಠ

ಇಂದಿನ ಬಹುಪಾಲು ಆ್ಯಪ್‌ಗಳನ್ನು ಬರೆಯುವುದು 'ಆಬ್ಜೆಕ್ಟ್ ಓರಿಯೆಂಟೆಡ್' ಎಂಬ ಪದ್ಧತಿಯಲ್ಲಿ. ಕನ್ನಡದಲ್ಲಿ ವಸ್ತುಕೇಂದ್ರಿತ ಪದ್ಧತಿ ಎನ್ನೋಣ. ಇದರ ಬೇರು 1960ರ ದಶಕದ ನಾರ್ವೆಯಲ್ಲಿದೆ. ಓಸ್ಲೋ ನಗರದಲ್ಲಿ ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ಎಂಬಿಬ್ಬರು ರೂಪಿಸಿದ ಸಿಮುಲಾ ಭಾಷೆಯಿಂದ ಶುರುವಾದ ಯೋಚನೆ ಇಂದು ಜಾವಾ, ಕೋಟ್ಲಿನ್, ಸ್ವಿಫ್ಟ್, ಪೈಥಾನ್ ಎಲ್ಲದರಲ್ಲೂ ಇದೆ. ಯೋಚನೆ ಸರಳ. ಪ್ರೋಗ್ರಾಮನ್ನು ಒಂದು ಉದ್ದದ ಆಜ್ಞೆಗಳ ಪಟ್ಟಿಯಾಗಿ ನೋಡದೆ, ಒಂದಷ್ಟು ವಸ್ತುಗಳಾಗಿ ನೋಡುವುದು. ಪ್ರತಿ ವಸ್ತುವಿನೊಳಗೆ ಒಂದಷ್ಟು ಮಾಹಿತಿ ಇರುತ್ತದೆ, ಅದರ ಮೇಲೆ ಮಾಡಬಹುದಾದ ಒಂದಷ್ಟು ಕೆಲಸಗಳಿರುತ್ತವೆ. ಬ್ಯಾಂಕ್ ಖಾತೆ ಒಂದು ವಸ್ತು. 'ಬಾಕಿ ತೋರಿಸು', 'ಹಣ ಕಳಿಸು', 'ಖಾತೆ ಮುಚ್ಚು' ಎನ್ನುವುವು ಅದರ ಕೆಲಸಗಳು.

ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತುವೆಂದರೆ ವಾಟ್ಸ್‌ಆ್ಯಪ್ ಗುಂಪು. ಸಂದೇಶ ಹಾಕುವುದು, ಗುಂಪಿನ ಹೆಸರು ಬದಲಿಸುವುದು, ಹೊಸಬರನ್ನು ಸೇರಿಸುವುದು, ಯಾರನ್ನೋ ತೆಗೆಯುವುದು, ಸಂದೇಶ ಅಳಿಸುವುದು ಅದರ ಕೆಲಸಗಳು. ಇವನ್ನೆಲ್ಲ ಎಲ್ಲರೂ ಮಾಡಲಾಗುವುದಿಲ್ಲ. ಸದಸ್ಯರನ್ನು ತೆಗೆಯಲು ಅಡ್ಮಿನ್ ಆಗಿರಬೇಕು. 'ಅಡ್ಮಿನ್ ಮಾತ್ರ ಸಂದೇಶ ಕಳಿಸಬಹುದು' ಎಂದು ಹೊಂದಿಸಿದರೆ ಉಳಿದವರು ಓದಬಹುದು, ಬರೆಯಲಾಗದು.

ಇದು 'ಪಾತ್ರ'ದ ಲೆಕ್ಕ. ಒಬ್ಬೊಬ್ಬರ ಹೆಸರಿಗೂ ಅನುಮತಿ ಬರೆಯುವ ಬದಲು ಸದಸ್ಯ, ಅಡ್ಮಿನ್, ಗುಮಾಸ್ತ, ಮ್ಯಾನೇಜರ್ ಎಂದು ಪಾತ್ರಗಳನ್ನು ಮಾಡಿ, ಪಾತ್ರಕ್ಕೆ ಅನುಮತಿ ಕೊಟ್ಟು, ಆಮೇಲೆ ಜನರನ್ನು ಪಾತ್ರಗಳಿಗೆ ಸೇರಿಸುವುದು. ಈ ವಿಧಾನಕ್ಕೆ ಒಂದು ಕ್ರಮಬದ್ಧ ರೂಪ ಕೊಟ್ಟವರು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್‌ನ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್, 1992ರಲ್ಲಿ. ಆಸ್ಪತ್ರೆ, ಬ್ಯಾಂಕ್, ಸರ್ಕಾರಿ ಕಚೇರಿಗಳ ತಂತ್ರಾಂಶದಲ್ಲಿ ಇಂದು ಇದು ಸಾಮಾನ್ಯ. ಕೆಲಸಗಾರರು ವರ್ಗವಾಗಿ ಹೋದರೆ ಅವರ ಪಾತ್ರ ಬದಲಿಸಿದರೆ ಸಾಕು.

ಆದರೆ ಪಾತ್ರವೊಂದೇ ಸಾಲದು. ನೀವು ಮನೆಯವರ ಗುಂಪಿನಲ್ಲಿ ಅಡ್ಮಿನ್ ಎಂದುಕೊಳ್ಳಿ. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ನೀವು ಬರೀ ಸದಸ್ಯರು. ಮನೆ ಗುಂಪಿನ ಅಡ್ಮಿನ್‌ಗಿರಿಯನ್ನು ತೋರಿಸಿ ಅಪಾರ್ಟ್‌ಮೆಂಟಿನ ಗುಂಪಿನಿಂದ ಕಾರ್ಯದರ್ಶಿಯನ್ನು ತೆಗೆಯಲು ಆಗುತ್ತದೆಯೇ? ಹಾಗೆಯೇ, 'ಎಲ್ಲರಿಗೂ ಅಳಿಸು' ಎಂಬ ಕೆಲಸ ಸಾಮಾನ್ಯ ಸದಸ್ಯರಿಗೂ ಇದೆ, ಆದರೆ ತಾವು ಹಾಕಿದ ಸಂದೇಶಕ್ಕೆ ಮಾತ್ರ. ಪಕ್ಕದವರ ಸಂದೇಶವನ್ನು ಅಳಿಸಲಾಗದು.

ಇಲ್ಲೇ ಇರುವುದು ಮುಖ್ಯ ವಿಷಯ. "ಈ ವ್ಯಕ್ತಿಗೆ ಅಳಿಸುವ ಅನುಮತಿ ಇದೆಯೇ?" ಎಂಬ ಪ್ರಶ್ನೆ ಅಪೂರ್ಣ. "ಈ ವ್ಯಕ್ತಿಗೆ, *ಈ* ಸಂದೇಶವನ್ನು ಅಳಿಸುವ ಅನುಮತಿ ಇದೆಯೇ?" ಎಂಬುದು ಪೂರ್ಣ ಪ್ರಶ್ನೆ. ವ್ಯಕ್ತಿ, ಕೆಲಸ, ವಸ್ತು ಮೂರೂ ಸೇರಿದರೆ ಮಾತ್ರ ಅನುಮತಿ. ಮೂರರಲ್ಲಿ ಒಂದನ್ನು ಕೇಳಲು ಮರೆತರೂ ಬಾಗಿಲು ತೆರೆದಂತೆಯೇ.

ಬಟನ್ ಮರೆಮಾಡಿದರೆ ಬೀಗ ಹಾಕಿದಂತೆ ಅಲ್ಲ

ಆ್ಯಪ್‌ಗಳಲ್ಲಿ ನಿಮಗೆ ಅನುಮತಿ ಇಲ್ಲದ ಬಟನ್ ಕಾಣಿಸುವುದಿಲ್ಲ ಅಥವಾ ಮಂಕಾಗಿರುತ್ತದೆ. ಒಳ್ಳೆಯದೇ, ಗೊಂದಲ ತಪ್ಪುತ್ತದೆ. ಆದರೆ ಅಷ್ಟನ್ನೇ ಸುರಕ್ಷತೆ ಎಂದುಕೊಂಡರೆ ಅದು ಉಗ್ರಾಣದ ಬಾಗಿಲಿಗೆ ಪರದೆ ಕಟ್ಟಿದಂತೆ. ಪರದೆಯ ಹಿಂದೆ ಬಾಗಿಲಿದೆ ಎಂದು ಗೊತ್ತಿಲ್ಲದವರು ಹೋಗುವುದಿಲ್ಲ. ಗೊತ್ತಿದ್ದವರು ಪರದೆ ಸರಿಸುತ್ತಾರೆ.

ಏಕೆಂದರೆ ನೀವು ಬಟನ್ ಒತ್ತಿದಾಗ ನಡೆಯುವುದು ಇಷ್ಟು: ನಿಮ್ಮ ಫೋನಿನಿಂದ ದೂರದ ಸರ್ವರಿಗೆ ಒಂದು ಚೀಟಿ ಹೋಗುತ್ತದೆ. "ಖಾತೆ ಸಂಖ್ಯೆ ಇಂಥದ್ದು, ಅದರ ವಿವರ ಕೊಡಿ." ಬಟನ್ ಇಲ್ಲದೆಯೂ ಆ ಚೀಟಿಯನ್ನು ಬರೆದು ಕಳಿಸುವುದು ಕಂಪ್ಯೂಟರ್ ಬಲ್ಲವರಿಗೆ ಕಷ್ಟವಲ್ಲ. ಆದ್ದರಿಂದ ಪ್ರಶ್ನೆ ಕೇಳಬೇಕಾದ ಜಾಗ ಫೋನಿನ ಪರದೆ ಅಲ್ಲ, ಸರ್ವರ್. ಕೇಳಬೇಕಾದ ಹೊತ್ತು ಲಾಗಿನ್ ಆದಾಗ ಒಂದು ಸಲ ಅಲ್ಲ, ಪ್ರತಿ ಚೀಟಿ ಬಂದಾಗ.

ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆಗಳಿವೆ, ಎರಡೂ ಅಮೆರಿಕದವು.

2011ರಲ್ಲಿ ಸಿಟಿ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಜಾಲತಾಣಕ್ಕೆ ಕಳ್ಳರು ನುಗ್ಗಿದರು. ಅಂದಿನ ವರದಿಗಳ ಪ್ರಕಾರ ಅವರು ಬಳಸಿದ ಉಪಾಯ ಅಚ್ಚರಿ ಹುಟ್ಟಿಸುವಷ್ಟು ಸರಳ. ಗ್ರಾಹಕರಿಗೆ ಮೀಸಲಾದ ಭಾಗಕ್ಕೆ ಲಾಗಿನ್ ಆದರು. ಬ್ರೌಸರಿನ ಮೇಲಿನ ವಿಳಾಸದಲ್ಲಿ ಖಾತೆಯನ್ನು ಸೂಚಿಸುವ ಸಂಖ್ಯೆ ಇತ್ತು. ಅದನ್ನು ಬದಲಿಸಿದರು. ಬೇರೆಯವರ ಖಾತೆಯ ವಿವರ ಬಂತು. ಈ ಬದಲಾವಣೆಯನ್ನು ಒಂದು ಪ್ರೋಗ್ರಾಮಿಗೆ ಒಪ್ಪಿಸಿ ಸಾವಿರಾರು ಸಲ ಮಾಡಿಸಿದರು. ಸುಮಾರು 3,60,000 ಖಾತೆಗಳ ವಿವರ ಹೊರಗೆ ಹೋಯಿತು. ಸುಮಾರು 3,400 ಖಾತೆಗಳಿಂದ 27 ಲಕ್ಷ ಡಾಲರ್ ಕಳುವಾಯಿತೆಂದು ಬ್ಯಾಂಕೇ ಒಪ್ಪಿಕೊಂಡಿತು. ಅಲ್ಲಿ ಲಾಗಿನ್ ಇತ್ತು. ವ್ಯಕ್ತಿ ಯಾರೆಂದು ಕೇಳಿದ್ದರು. ಯಾವ ಕೆಲಸವೆಂದೂ ಗೊತ್ತಿತ್ತು. 'ಈ ಖಾತೆ ಈ ವ್ಯಕ್ತಿಯದೇ?' ಎಂಬ ಮೂರನೆಯದನ್ನು ಕೇಳಿರಲಿಲ್ಲ.

ಇನ್ನೊಂದು 2019ರ ಮೇ ತಿಂಗಳದ್ದು. ಫರ್ಸ್ಟ್ ಅಮೆರಿಕನ್ ಎಂಬ ಆಸ್ತಿ ದಾಖಲೆಗಳ ಕಂಪನಿಯ ತಾಣದಲ್ಲಿ ಮನೆ ಕೊಳ್ಳುವವರಿಗೆ ತಮ್ಮ ಕಾಗದಪತ್ರದ ಲಿಂಕ್ ಕಳಿಸುತ್ತಿದ್ದರು. ಲಿಂಕಿನಲ್ಲಿ ದಾಖಲೆಯ ಕ್ರಮಸಂಖ್ಯೆ ಇತ್ತು. ಒಂದಂಕಿ ಬದಲಿಸಿದರೆ ಇನ್ಯಾರದ್ದೋ ದಾಖಲೆ ತೆರೆಯುತ್ತಿತ್ತು. ಸುರಕ್ಷತಾ ಪತ್ರಕರ್ತ ಬ್ರಯನ್ ಕ್ರೆಬ್ಸ್ ಇದನ್ನು ಹೊರಹಾಕಿದಾಗ 2003ರಿಂದ ಕೂಡಿಟ್ಟ ಸುಮಾರು 88.5 ಕೋಟಿ ಕಡತಗಳು ಹೀಗೆ ತೆರೆದು ಬಿದ್ದಿದ್ದವು. ಬ್ಯಾಂಕ್ ಖಾತೆ ಸಂಖ್ಯೆ, ತೆರಿಗೆ ಕಾಗದ ಎಲ್ಲವೂ ಅದರಲ್ಲಿದ್ದವು. 2023ರಲ್ಲಿ ಕಂಪನಿ ನ್ಯೂಯಾರ್ಕ್ ರಾಜ್ಯದ ನಿಯಂತ್ರಕರಿಗೆ 10 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು.

ಎರಡರಲ್ಲೂ ಪಾಸ್‌ವರ್ಡ್ ಒಡೆದಿಲ್ಲ, ಯಾರೂ ಒಟಿಪಿ ಹೇಳಿಲ್ಲ, ಗ್ರಾಹಕರು ಯಾವ ತಪ್ಪನ್ನೂ ಮಾಡಿಲ್ಲ. ಬೀಗ ಹಾಕಬೇಕಾದವರು ಪರದೆ ಕಟ್ಟಿದ್ದರು. (ಒಂದು ಎಚ್ಚರಿಕೆ: ಇದನ್ನು ಓದಿ ಯಾವುದೋ ತಾಣದಲ್ಲಿ ಅಂಕಿ ಬದಲಿಸಿ ನೋಡಲು ಹೋಗಬೇಡಿ. ಬೇರೆಯವರ ಮಾಹಿತಿಯನ್ನು ಅನುಮತಿಯಿಲ್ಲದೆ ತೆರೆಯುವುದು ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿಯಲ್ಲಿ ಅಪರಾಧವಾಗಬಹುದು.)

ಐವತ್ತು ವರ್ಷ ಹಳೆಯ ಉತ್ತರ

ಬೇಸರದ ಸಂಗತಿಯೆಂದರೆ ಇದಕ್ಕೆ ಪರಿಹಾರ ಹೊಸದಾಗಿ ಹುಡುಕಬೇಕಾಗಿಲ್ಲ. 1975ರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕಲ್ ಶ್ರೋಡರ್ ಎಂಬ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಮಾಹಿತಿ ಕಾಯುವುದು ಹೇಗೆ ಎಂಬ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿರುವ ಎಂಟು ತತ್ವಗಳಲ್ಲಿ ಮೂರು ನಮ್ಮ ವಿಷಯಕ್ಕೆ ನೇರ ಸಂಬಂಧಿಸಿವೆ.

ಒಂದು, *ಪ್ರತಿ ಸಲವೂ ಕೇಳು*. ಪ್ರತಿಯೊಂದು ವಸ್ತುವನ್ನು ಮುಟ್ಟುವ ಪ್ರತಿಯೊಂದು ಪ್ರಯತ್ನವನ್ನೂ ಪರೀಕ್ಷಿಸಬೇಕು. ನಿನ್ನೆ ಅನುಮತಿ ಇತ್ತೆಂದು ಇಂದು ಬಿಡಬಾರದು.

ಎರಡು, *ಹೇಳದಿದ್ದರೆ ಇಲ್ಲ ಎಂದೇ ಅರ್ಥ*. ಅನುಮತಿ ಕೊಟ್ಟಿದ್ದೇವೆಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬಿಡಬೇಕು. ಏನೂ ಬರೆಯದಿದ್ದರೆ ಬಾಗಿಲು ಮುಚ್ಚಿರಬೇಕು. ಪ್ರೋಗ್ರಾಮ್ ಬರೆಯುವವರು ಮರೆತರೂ ಆಗ ಅಪಾಯ ಕಡಿಮೆ.

ಮೂರು, *ಬೇಕಾದಷ್ಟೇ ಕೊಡು*. ಕೆಲಸಕ್ಕೆ ಬೇಕಾದ ಕನಿಷ್ಠ ಅನುಮತಿ ಸಾಕು. ಹೂವಿನ ಅಲಂಕಾರಕ್ಕೆ ಬಂದವರ ಕೈಗೆ ಉಗ್ರಾಣದ ಬೀಗದಕೈ ಬೇಕಾಗಿಲ್ಲ.

ವಸ್ತುಕೇಂದ್ರಿತ ತಂತ್ರಾಂಶದಲ್ಲಿ ಇದನ್ನು ಪಾಲಿಸುವ ಒಳ್ಳೆಯ ಉಪಾಯವೆಂದರೆ ಪ್ರಶ್ನೆಯನ್ನು ಹತ್ತು ಪರದೆಗಳಲ್ಲಿ ಹತ್ತು ಕಡೆ ಬರೆಯದೆ, ವಸ್ತುವಿನ ಬಾಗಿಲಲ್ಲೇ ಒಂದು ಕಡೆ ಬರೆಯುವುದು. 'ಖಾತೆ' ಎಂಬ ವಸ್ತುವಿನ 'ಹಣ ಕಳಿಸು' ಎಂಬ ಕೆಲಸ ಶುರುವಾಗುವ ಮೊದಲು ಅನುಮತಿ ಪರೀಕ್ಷೆ ಆಗಲೇಬೇಕು ಎಂದಿಟ್ಟರೆ, ನಾಳೆ ಹೊಸ ಪರದೆ, ಹೊಸ ಆ್ಯಪ್, ಹೊಸ ವೆಬ್ ಪುಟ ಯಾವುದರಿಂದ ಬಂದರೂ ಉಗ್ರಾಣಿಯನ್ನು ದಾಟದೆ ಒಳಗೆ ಹೋಗಲಾಗದು. ಹತ್ತು ಕಡೆ ಬರೆದರೆ ಹನ್ನೊಂದನೆಯ ಕಡೆ ಮರೆತೇ ಮರೆಯುತ್ತಾರೆ.

ಕಂಪ್ಯೂಟರ್ ಓದುತ್ತಿರುವವರು ಒಂದು ಮಾತು ಗಮನಿಸಿ. ಜಾವಾದಂಥ ಭಾಷೆಗಳಲ್ಲಿ 'ಪ್ರೈವೇಟ್' ಎಂದು ಬರೆದರೆ ಆ ಮಾಹಿತಿ ಬಳಕೆದಾರರಿಂದ ಸುರಕ್ಷಿತ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. 'ಪ್ರೈವೇಟ್' ತಡೆಯುವುದು ಪ್ರೋಗ್ರಾಮಿನ ಬೇರೆ ಭಾಗಗಳನ್ನು. ವಸ್ತುವಿನ ಒಳಗಿರುವುದನ್ನು ಬೇರೆ ವಸ್ತು ನೇರವಾಗಿ ಮುಟ್ಟದಿರಲಿ ಎಂಬ ಶಿಸ್ತು ಅದು. ಆ ಪ್ರೋಗ್ರಾಮನ್ನು ಬಳಸುತ್ತಿರುವ ವ್ಯಕ್ತಿ ಗುಮಾಸ್ತನೋ ಮ್ಯಾನೇಜರನೋ ಎಂಬುದು ಅದಕ್ಕೆ ಗೊತ್ತಿಲ್ಲ.

ನಿಮ್ಮ ಫೋನಿನ ಅಡ್ಮಿನ್ ನೀವೇ

ಇಲ್ಲಿಯವರೆಗೆ ಹೇಳಿದ್ದು ದೂರದ ಸರ್ವರಿನ ಕಥೆ. ಅಲ್ಲಿ ಅನುಮತಿ ಕೊಡುವುದು ಕಂಪನಿ. ಆದರೆ ನಿಮ್ಮ ಜೇಬಿನಲ್ಲೂ ಇಂಥದ್ದೇ ಒಂದು ಛತ್ರವಿದೆ, ಮತ್ತು ಅಲ್ಲಿ ಅನುಮತಿ ಕೊಡುವುದು ನೀವು.

ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆ್ಯಪ್‌ಗೂ ಪ್ರತ್ಯೇಕ ಕೋಣೆ ಇರುತ್ತದೆ. ಒಂದು ಆ್ಯಪ್ ಇನ್ನೊಂದರ ಕೋಣೆಗೆ ಇಣುಕುವಂತಿಲ್ಲ. ನಿಮ್ಮ ಸಂಪರ್ಕಗಳು, ಸಂದೇಶಗಳು, ಕ್ಯಾಮೆರಾ, ಮೈಕ್, ನೀವಿರುವ ಜಾಗ ಇವೆಲ್ಲ ಕೋಣೆಯ ಹೊರಗಿನ ವಸ್ತುಗಳು. ಅವನ್ನು ಮುಟ್ಟಲು ಆ್ಯಪ್ ಅನುಮತಿ ಕೇಳಬೇಕು. ಮೊದಲು ಆ್ಯಪ್ ಹಾಕಿಕೊಳ್ಳುವಾಗಲೇ ಉದ್ದದ ಪಟ್ಟಿಯನ್ನು ತೋರಿಸುತ್ತಿದ್ದರು. ಎಲ್ಲಕ್ಕೂ ಒಪ್ಪಬೇಕು, ಇಲ್ಲವೇ ಆ್ಯಪ್ ಬೇಡ. 2015ರ ಆಂಡ್ರಾಯ್ಡ್ 6ರಿಂದ ಮುಖ್ಯವಾದ ಅನುಮತಿಗಳನ್ನು ಒಂದೊಂದಾಗಿ, ಬೇಕಾದಾಗ ಕೇಳುವ ಪದ್ಧತಿ ಬಂತು. 2019ರ ಆಂಡ್ರಾಯ್ಡ್ 10ರಲ್ಲಿ 'ಆ್ಯಪ್ ಬಳಸುವಾಗ ಮಾತ್ರ' ನೀವಿರುವ ಜಾಗ ತಿಳಿಸುವ ಆಯ್ಕೆ ಬಂತು. 2020ರ ಆಂಡ್ರಾಯ್ಡ್ 11ರಲ್ಲಿ 'ಈ ಸಲ ಮಾತ್ರ' ಎಂಬುದು ಬಂತು, ತಿಂಗಳುಗಟ್ಟಲೆ ಬಳಸದ ಆ್ಯಪ್‌ಗಳಿಂದ ಅನುಮತಿ ತಾನೇ ವಾಪಸ್ ಪಡೆಯುವ ಏರ್ಪಾಟೂ ಬಂತು. ಎಲ್ಲವೂ 1975ರ ಆ ಮೂರನೆಯ ತತ್ವದ ಕಡೆಗಿನ ಹೆಜ್ಜೆಗಳೇ.

ಈಗ ಆ ಮದುವೆ ಕರೆಯೋಲೆಗೆ ಬರೋಣ. ಇಂಥ ಎಪಿಕೆ ಫೈಲುಗಳು ಸಾಮಾನ್ಯವಾಗಿ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತವೆ. ಕರೆಯೋಲೆಗೆ ನಿಮ್ಮ ಎಸ್‌ಎಂಎಸ್ ಯಾಕೆ? 'ಅಲೋ' ಒತ್ತಿದ ಮೇಲೆ ಬರುವ ಪ್ರತಿ ಸಂದೇಶವನ್ನೂ ಅದು ಓದಬಹುದು, ಇಂಟರ್‌ನೆಟ್ ಮೂಲಕ ಬೇರೆಡೆಗೆ ಕಳಿಸಬಹುದು. ಜೊತೆಗೆ ಕಾರ್ಡ್ ಸಂಖ್ಯೆ, ಜನ್ಮದಿನಾಂಕ ಕೇಳುವ ನಕಲಿ ಪುಟ ತೋರಿಸಿದರೆ ಕಳ್ಳನಿಗೆ ಬೇಕಾದ ಎಲ್ಲವೂ ಸಿಕ್ಕಂತೆ. ಆಮೇಲೆ ಬ್ಯಾಂಕ್ ಕಳಿಸುವ ಒಟಿಪಿ ನಿಮ್ಮ ಫೋನಿಗೂ ಬರುತ್ತದೆ, ಅವನಿಗೂ ಹೋಗುತ್ತದೆ. ಎಸ್‌ಎಂಎಸ್ ಅನುಮತಿ ಎಷ್ಟು ಅಪಾಯಕಾರಿ ಎಂದರೆ, ಅದು ನಿಜವಾಗಿ ಬೇಕಿಲ್ಲದ ಆ್ಯಪ್‌ಗಳು ಅದನ್ನು ಕೇಳದಂತೆ ಗೂಗಲ್ ತನ್ನ ಪ್ಲೇ ಸ್ಟೋರಿನಲ್ಲಿ 2018ರ ಕೊನೆಯಲ್ಲೇ ನಿಯಮ ಬಿಗಿ ಮಾಡಿತು. ವಾಟ್ಸ್‌ಆ್ಯಪಿನಲ್ಲಿ ಬರುವ ಎಪಿಕೆ ಪ್ಲೇ ಸ್ಟೋರಿನ ಬಾಗಿಲನ್ನೇ ದಾಟಿ ಬಂದಿರುವುದಿಲ್ಲ.

ಇದಕ್ಕಿಂತ ದೊಡ್ಡದು 'ಆ್ಯಕ್ಸೆಸಿಬಿಲಿಟಿ' ಎಂಬ ಅನುಮತಿ. ಕಣ್ಣು ಕಾಣದವರಿಗೆ, ಕೈ ಆಡದವರಿಗೆ ಫೋನ್ ಬಳಸಲು ನೆರವಾಗಲೆಂದು ಮಾಡಿದ್ದು. ಅದಕ್ಕೇ ಅದು ಪರದೆಯ ಮೇಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು. ತಪ್ಪು ಆ್ಯಪ್‌ಗೆ ಕೊಟ್ಟರೆ, ಅದು ನಿಮ್ಮ ಬೆರಳನ್ನೇ ಕೊಟ್ಟಂತೆ. 2022ರ ಆಂಡ್ರಾಯ್ಡ್ 13ರಿಂದ ಹೊರಗಿನಿಂದ ಹಾಕಿಕೊಂಡ ಆ್ಯಪ್‌ಗಳಿಗೆ ಇದನ್ನು ಸುಲಭವಾಗಿ ಕೊಡದಂತೆ ತಡೆ ಹಾಕಿದ್ದಾರೆ. ಹಾಗಾಗಿಯೇ ಕಳ್ಳರು ಈಗ ಫೋನ್ ಮಾಡಿ "ಸೆಟ್ಟಿಂಗ್ಸ್‌ಗೆ ಹೋಗಿ, ಅದನ್ನು ಒತ್ತಿ, ಇದನ್ನು ಒತ್ತಿ" ಎಂದು ತಡೆಯನ್ನು ನಿಮ್ಮಿಂದಲೇ ತೆಗೆಸುತ್ತಾರೆ.

ಮೋಸಹೋದ ಆಳು

ಹಾಗಾದರೆ ಬ್ಯಾಂಕಿನ ಉಗ್ರಾಣಿ ಯಾಕೆ ತಡೆಯಲಿಲ್ಲ? ಏಕೆಂದರೆ ಅವನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇತ್ತು. ವ್ಯಕ್ತಿ ಚಿಕ್ಕಮ್ಮ, ಕೆಲಸ ಹಣ ಕಳಿಸುವುದು, ವಸ್ತು ಅವರದೇ ಖಾತೆ. ಒಟಿಪಿಯೂ ಸರಿ.

ಈ ಬಗೆಯ ಮೋಸಕ್ಕೆ ತಂತ್ರಜ್ಞರು ಒಂದು ಹೆಸರಿಟ್ಟಿದ್ದಾರೆ, ಅದರ ಅರ್ಥ 'ಗೊಂದಲಕ್ಕೆ ಬಿದ್ದ ಪ್ರತಿನಿಧಿ'. 1988ರಲ್ಲಿ ನಾರ್ಮ್ ಹಾರ್ಡಿ ಎಂಬ ಎಂಜಿನಿಯರ್ ಬರೆದ ಪುಟ್ಟ ಲೇಖನದಿಂದ ಬಂದದ್ದು. ಅವರ ಕಂಪನಿಯ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮಿಗೆ ತನ್ನ ಕೆಲಸದ ಲೆಕ್ಕ ಬರೆದಿಡಲು ಒಂದು ವಿಶೇಷ ಜಾಗದಲ್ಲಿ ಬರೆಯುವ ಅನುಮತಿ ಇತ್ತು. ಗ್ರಾಹಕರ ಬಿಲ್ಲಿನ ಫೈಲೂ ಅದೇ ಜಾಗದಲ್ಲಿತ್ತು. ಒಬ್ಬ ಬಳಕೆದಾರ ತನ್ನ ಫಲಿತಾಂಶವನ್ನು ಬರೆಯಲು ಆ ಬಿಲ್ಲಿನ ಫೈಲಿನ ಹೆಸರನ್ನೇ ಕೊಟ್ಟ. ಬಳಕೆದಾರನಿಗೆ ಅದನ್ನು ಮುಟ್ಟುವ ಅನುಮತಿ ಇರಲಿಲ್ಲ, ಪ್ರೋಗ್ರಾಮಿಗೆ ಇತ್ತು. ಪಾಪ, ಅದು ಹೇಳಿದಂತೆ ಬರೆಯಿತು. ಬಿಲ್ಲು ಅಳಿಸಿಹೋಯಿತು.

ಯಜಮಾನನ ಬೀಗದಕೈ ಹಿಡಿದ ನಂಬಿಗಸ್ತ ಆಳಿಗೆ ಹೊರಗಿನವನೊಬ್ಬ "ಯಜಮಾನರೇ ಹೇಳಿದ್ದು" ಎಂದು ಕೆಲಸ ಹೇಳಿ ಮಾಡಿಸಿಕೊಂಡ ಹಾಗೆ. ಚಿಕ್ಕಮ್ಮನ ಪ್ರಸಂಗದಲ್ಲಿ ಆ ಆಳು ಅವರ ಫೋನು.

ಹಾಗಾದರೆ ಆ ಎರಡು ಫಾರ್ವರ್ಡ್‌ಗಳು?

*"ಒಟಿಪಿ ಹೇಳದಿದ್ದರೆ ಹಣ ಸುರಕ್ಷಿತ":* ಅರ್ಧ ಸತ್ಯ. ಒಟಿಪಿ ಹೇಳಬಾರದು, ಇದು ನೂರಕ್ಕೆ ನೂರು ಸರಿ. ಆದರೆ ಬಾಯಿಯಿಂದ ಹೇಳದಿದ್ದರೂ ಅನುಮತಿ ಪಡೆದ ಆ್ಯಪ್ ಅದನ್ನು ಓದಬಲ್ಲದು.

*"ಲಿಂಕ್ ಮುಟ್ಟಿದರೆ ಸಾಕು, ಖಾತೆ ಖಾಲಿ":* ಸಾಮಾನ್ಯವಾಗಿ ಸುಳ್ಳು. ಲಿಂಕ್ ತೆರೆದರೆ ಬ್ರೌಸರಿನಲ್ಲಿ ಒಂದು ಪುಟ ಬರುತ್ತದೆ. ಹಣ ಹೋಗಬೇಕಾದರೆ ನಡುವೆ ಇನ್ನೂ ಹೆಜ್ಜೆಗಳಿವೆ: ಆ್ಯಪ್ ಹಾಕಿಕೊಳ್ಳುವುದು, 'ಹೊರಗಿನ ಆ್ಯಪ್' ಎಂಬ ಎಚ್ಚರಿಕೆಯನ್ನು ದಾಟುವುದು, ಅನುಮತಿ ಕೊಡುವುದು, ಅಥವಾ ನಕಲಿ ಪುಟದಲ್ಲಿ ವಿವರ ತುಂಬುವುದು. ಪ್ರತಿ ಹೆಜ್ಜೆಯಲ್ಲೂ ನೀವು ನಿಲ್ಲಬಹುದು. ಏನನ್ನೂ ಒತ್ತದೆಯೇ ಫೋನಿಗೆ ನುಗ್ಗುವ ತಂತ್ರಾಂಶಗಳು ಇವೆ, ನಿಜ. 2019ರಲ್ಲಿ ವಾಟ್ಸ್‌ಆ್ಯಪ್ ಕರೆಯ ದೋಷವೊಂದನ್ನು ಬಳಸಿ ಸುಮಾರು 1,400 ಜನರನ್ನು ಗುರಿ ಮಾಡಿದ್ದು ಅಂಥದ್ದೇ. ಆದರೆ ಅವು ಬಹಳ ದುಬಾರಿ. ಪತ್ರಕರ್ತರು, ಹೋರಾಟಗಾರರು, ಅಧಿಕಾರಿಗಳಂಥ ಆಯ್ದ ಜನರ ಮೇಲೆ ಬಳಸುವಂಥವು. ನಮ್ಮ ಬೀದಿಯ ಕಳ್ಳನಿಗೆ ಅದು ಬೇಕಿಲ್ಲ, ಅವನಿಗೆ ನಿಮ್ಮ 'ಅಲೋ' ಸಾಕು.

ಈಗಲೇ ಮಾಡಬಹುದಾದ್ದು

ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೆಸಿ', ಅದರೊಳಗೆ 'ಪರ್ಮಿಷನ್ ಮ್ಯಾನೇಜರ್' ತೆರೆಯಿರಿ (ಕೆಲವು ಫೋನುಗಳಲ್ಲಿ ಹೆಸರು ಸ್ವಲ್ಪ ಬೇರೆ ಇರಬಹುದು). 'ಎಸ್‌ಎಂಎಸ್' ಒತ್ತಿದರೆ ಯಾವ ಯಾವ ಆ್ಯಪ್‌ಗೆ ಸಂದೇಶ ಓದುವ ಅನುಮತಿ ಇದೆ ಎಂದು ಕಾಣುತ್ತದೆ. ಪ್ರತಿ ಹೆಸರಿಗೂ ಕೇಳಿಕೊಳ್ಳಿ: ಈ ಆ್ಯಪ್‌ನ ಕೆಲಸಕ್ಕೆ ಇದು ಬೇಕೇ? ಟಾರ್ಚ್, ಕ್ಯಾಲೆಂಡರ್, ಆಟ ಯಾವುದಕ್ಕೂ ಬೇಕಿಲ್ಲ. ತೆಗೆದುಹಾಕಿ. ತೆಗೆದರೆ ಆ್ಯಪ್ ಕೆಡುತ್ತದೆ ಎಂಬ ಹೆದರಿಕೆ ಬೇಡ, ನಿಜವಾಗಿ ಬೇಕಿದ್ದರೆ ಅದು ಮತ್ತೆ ಕೇಳುತ್ತದೆ.

'ಆ್ಯಕ್ಸೆಸಿಬಿಲಿಟಿ' ಪಟ್ಟಿಯನ್ನೂ ನೋಡಿ. ನಿಮಗೆ ಗೊತ್ತಿಲ್ಲದ ಹೆಸರು ಅಲ್ಲಿದ್ದರೆ ಆರಿಸಿ, ಆ ಆ್ಯಪ್ ತೆಗೆಯಿರಿ. ಫೋಟೋ ಕೇಳಿದರೆ, ಹೊಸ ಫೋನುಗಳಲ್ಲಿ 'ಆಯ್ದ ಫೋಟೋ ಮಾತ್ರ' ಎಂಬ ಆಯ್ಕೆ ಇದೆ.

ಕರೆಯೋಲೆ, ಟ್ರಾಫಿಕ್ ದಂಡ, ಕರೆಂಟ್ ಬಿಲ್, ಸರ್ಕಾರಿ ಯೋಜನೆ ಏನೇ ಹೆಸರಿರಲಿ, ಫೈಲಿನ ಹೆಸರು 'ಎಪಿಕೆ' ಎಂದು ಮುಗಿದರೆ ತೆರೆಯಬೇಡಿ. ಪರಿಚಯದವರಿಂದ ಬಂದಿದ್ದರೂ ಬೇಡ, ಅವರ ಫೋನೇ ಮೋಸಹೋದ ಆಳಾಗಿರಬಹುದು.

ಹಣ ಹೋಗಿದೆ ಎಂದು ತಿಳಿದ ಕೂಡಲೇ ಫೋನಿನ ಇಂಟರ್‌ನೆಟ್ ಆರಿಸಿ. ಬೇರೆ ಫೋನಿನಿಂದ ಬ್ಯಾಂಕಿಗೂ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಆ ಆ್ಯಪನ್ನು ಪೊಲೀಸರಿಗೆ ತೋರಿಸುವ ಮೊದಲು ಅಳಿಸಬೇಡಿ, ಅದು ಸಾಕ್ಷಿ. ತಡ ಮಾಡಬಾರದು ಏಕೆಂದರೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ನೀವು ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಆದ ನಷ್ಟವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ. ಆದರೆ ಗ್ರಾಹಕರ ನಿರ್ಲಕ್ಷ್ಯದಿಂದ ಆಯಿತೆಂದಾದರೆ ತಿಳಿಸುವವರೆಗಿನ ನಷ್ಟ ಅವರದೇ. "ನೀವೇ ಒಟಿಪಿ ಹೇಳಿದ್ದೀರಿ" ಎಂಬ ಒಂದು ವಾಕ್ಯಕ್ಕೆ ಇಷ್ಟು ತೂಕವಿರುವುದು ಇದಕ್ಕೇ.

ಆದ್ದರಿಂದ ಕೊನೆಯ ಮಾತು. ನಿಮ್ಮ ಮನೆಯಲ್ಲಿ ಯಾರಾದರೂ "ನಾನು ಹೇಳಿಲ್ಲ" ಎಂದರೆ, ಮೂರನೆಯ ಸಲ ಗದರಿಸಿ ಕೇಳುವ ಮೊದಲು ಅವರ ಫೋನಿನ ಅನುಮತಿಗಳ ಪಟ್ಟಿ ತೆರೆದು ನೋಡಿ. ನಾನು ಅದನ್ನು ತಡವಾಗಿ ಮಾಡಿದೆ. ಚಿಕ್ಕಮ್ಮ ಆ ಸಂಜೆಯವರೆಗೂ ತಮ್ಮ ನೆನಪನ್ನೇ ಅನುಮಾನಿಸುತ್ತ ಕೂತಿದ್ದರು. ಈ ಲೇಖನವನ್ನು ಯಾರಿಗಾದರೂ ಕಳಿಸುವುದಾದರೆ, ಕಳಿಸಿ ಸುಮ್ಮನಾಗದೆ, ಅವರ ಪಕ್ಕ ಕೂತು ಆ ಪಟ್ಟಿಯನ್ನು ಒಂದು ಸಲ ಒಟ್ಟಿಗೆ ನೋಡಿ. ಐದು ನಿಮಿಷ ಸಾಕು.